ಒಂದೇ ಪ್ರೋಟೀನು, ಮೂರು ಟ್ಯೂಬು: ಕುದಿಸಿದ ಮೇಲೆ ಒಂದೇ ಯಾಕೆ ಪೂರ್ತಿ ವಾಪಸ್ ಬಂತು?

ಕುಕ್ಕರಹಳ್ಳಿ_ಗುಬ್ಬಿ (ಮೈಸೂರು), ಸೋಮವಾರ ರಾತ್ರಿ 9:40

ಬಯೋಕೆಮಿಸ್ಟ್ರಿ ಎಂಎಸ್ಸಿ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟಿಗೆ ಸಿಕ್ಕಿದ್ದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಕಿಣ್ವ. 129 ಅಮೈನೋ ಆಮ್ಲಗಳ ಸರ. ಅದರಲ್ಲಿ 8 ಸಿಸ್ಟೀನ್ (ಗಂಧಕ ಇರುವ ಅಮೈನೋ ಆಮ್ಲ), ಎರಡೆರಡರ ಗಂಧಕ ಸೇರಿ 4 ಡೈಸಲ್ಫೈಡ್ ಬಂಧ. ಡೈಸಲ್ಫೈಡ್ ಇದ್ದರೆ ಪ್ರೋಟೀನು ಶಾಖಕ್ಕೆ ಜಗ್ಗುವುದಿಲ್ಲ ಅಂತ ಓದಿದ್ದೆ. ಅದನ್ನೇ ಮಾಡಿ ತೋರಿಸಿ ಮುಗಿಸೋಣ ಅಂದುಕೊಂಡೆ.

ಮೂರು ಟ್ಯೂಬು ಮಾಡಿದೆ. ಒಂದು ಪಿಎಚ್ 5ರ, ಸ್ವಲ್ಪ ಆಮ್ಲೀಯ ಅಸಿಟೇಟ್ ಬಫರ್‌ನಲ್ಲಿ (ಬಫರ್ ಅಂದರೆ ಪಿಎಚ್ ಹಿಡಿದಿಡುವ ದ್ರಾವಣ). ಇನ್ನೊಂದು ಪಿಎಚ್ 8ರ, ಸ್ವಲ್ಪ ಕ್ಷಾರೀಯ ಟ್ರಿಸ್ ಬಫರ್‌ನಲ್ಲಿ. ಮೂರನೆಯದೂ ಟ್ರಿಸ್, ಆದರೆ ಬಂಧ ಒಡೆಯಲಿ ಅಂತ ಡಿಟಿಟಿ ಹಾಕಿದ್ದೆ. ಮೂರನ್ನೂ 95 ಡಿಗ್ರಿಯಲ್ಲಿ 20 ನಿಮಿಷ ಇಟ್ಟು, ಹೊರಗೆ ತೆಗೆದು ತಣ್ಣಗಾಗಲು ಬಿಟ್ಟೆ. ಆಮೇಲೆ ಮೈಕ್ರೋಕಾಕಸ್ ಬ್ಯಾಕ್ಟೀರಿಯಾ ಕೋಶಗಳ ಮಬ್ಬು ನೀರಿಗೆ ಹಾಕಿ, 450 ನ್ಯಾನೋಮೀಟರ್ ಬೆಳಕಿನಲ್ಲಿ ಮಬ್ಬು ಎಷ್ಟು ಬೇಗ ಇಳಿಯುತ್ತದೆ ಅಂತ ನೋಡಿದೆ. ಬೇಗ ಇಳಿದರೆ ಕಿಣ್ವ ಕೆಲಸ ಮಾಡುತ್ತಿದೆ ಅಂತ.

ಮೊದಲನೆಯದು ತಿಳಿಯಾಗಿಯೇ ಇತ್ತು, ಕೆಲಸವೂ ಹೆಚ್ಚುಕಡಿಮೆ ಮೊದಲಿನಷ್ಟೇ. ಎರಡನೆಯದು ಅಕ್ಕಿ ತೊಳೆದ ನೀರಿನ ಹಾಗೆ ಸ್ವಲ್ಪ ಮಬ್ಬು, ಕೆಲಸ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮೂರನೆಯದು ಒಡೆದ ಹಾಲು. ಮೂರನೆಯದು ಅರ್ಥವಾಗುತ್ತದೆ. ಆದರೆ ಒಂದು ಮತ್ತು ಎರಡರಲ್ಲಿ ಬಂಧಗಳು ಅವೇ ನಾಲ್ಕು ಅಲ್ವಾ? ವ್ಯತ್ಯಾಸ ಎಲ್ಲಿಂದ ಬಂತು?

ಬೆಲ್ಲದಚ್ಚು (ಮಂಡ್ಯ), 9:52

ಬೇಯಿಸಿದ ಮೊಟ್ಟೆಯಿಂದ ಮರಿ ಬರುತ್ತಾ ಅಂತ ಕೇಳಿದ ಹಾಗಿದೆ ಕಣವ್ವ. ತಮಾಷೆಗೆ ಹೇಳಿದೆ. ಉತ್ತರ ಬರಲಿ, ನಾನೂ ಓದುತ್ತೇನೆ.

ಹಳೇ_ಪಿಪೆಟ್ (ಮೈಸೂರು), 10:31

ಒಳ್ಳೆಯ ಪ್ರಶ್ನೆ ಮಗಳೇ. ಆದರೆ ಮೊದಲು ನಿನ್ನ ಒಂದು ಮಾತನ್ನು ತಿದ್ದಬೇಕು. ಮೊದಲನೇ ಟ್ಯೂಬು ಶಾಖವನ್ನು "ತಡೆದುಕೊಂಡಿತು" ಅಂತ ನೀನು ಅಂದುಕೊಂಡಿದ್ದೀಯ. ಇಲ್ಲ. ಪಿಎಚ್ 5ರಲ್ಲಿ ಲೈಸೋಜೈಮ್ ಸುಮಾರು 75 ಡಿಗ್ರಿಗೆ ಬಿಚ್ಚಿಕೊಳ್ಳುತ್ತದೆ. 95ರಲ್ಲಿ ನಿನ್ನ ಮೂರು ಟ್ಯೂಬಿನಲ್ಲೂ ಅದು ಬಿಚ್ಚಿಕೊಂಡಿತ್ತು. ಮೊದಲನೆಯದು ತಣ್ಣಗಾಗುವಾಗ ಮತ್ತೆ ಸರಿಯಾಗಿ ಮಡಚಿಕೊಂಡಿತು, ಅಷ್ಟೇ. ಎಷ್ಟು ಶಾಖದವರೆಗೆ ಬಿಚ್ಚದೆ ಇರುತ್ತದೆ ಅನ್ನುವುದು ಒಂದು ಪ್ರಶ್ನೆ. ಬಿಚ್ಚಿದ್ದು ವಾಪಸ್ ಬರುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವೆರಡನ್ನೂ ಒಂದೇ ಅಂದುಕೊಂಡು ಎರಡು ವರ್ಷ ಹಾಳು ಮಾಡಿಕೊಂಡಿದ್ದೇನೆ.

ಸೀರೆ ನೆರಿಗೆಗೆ ಹಾಕುವ ಪಿನ್ನು ನೆನಪಿಸಿಕೋ. ನೆರಿಗೆ ನಿಲ್ಲುವುದು ಬಟ್ಟೆಯ ಮಡಿಕೆಯಿಂದ, ಪಿನ್ನಿನಿಂದಲ್ಲ. ಪ್ರೋಟೀನಿನ ಒಳಗೂ ಹಾಗೆಯೇ. ನೀರಿಗೆ ಒಗ್ಗದ ಭಾಗಗಳು ಒಳಗೆ ಒತ್ತಾಗಿ ಕೂರುವುದು, ಹೈಡ್ರೋಜನ್ ಬಂಧಗಳು, ಮುಖ್ಯ ಕೆಲಸ ಇವುಗಳದ್ದು. ಹಾಗಾದರೆ ಪಿನ್ನು ಯಾಕೆ? ಗಾಳಿಗೆ ನೆರಿಗೆ ಸಡಿಲವಾದರೂ ಸೀರೆ ಪೂರ್ತಿ ಹರಡಿಕೊಳ್ಳುವುದಿಲ್ಲ. ಡೈಸಲ್ಫೈಡ್ ಮಾಡುವುದು ಬಹುಪಾಲು ಇದನ್ನೇ. ಬಿಚ್ಚಿಕೊಂಡ ಸರಕ್ಕೆ ಸಾವಿರಾರು ಭಂಗಿಯಲ್ಲಿ ಅಲೆದಾಡುವ ಸ್ವಾತಂತ್ರ್ಯ ಇರುತ್ತದೆ. ಆ ಸ್ವಾತಂತ್ರ್ಯವೇ ಬಿಚ್ಚಿಕೊಳ್ಳಲು ಆಸೆ ಹುಟ್ಟಿಸುವುದು. ಪಿನ್ನು ಆ ಅಲೆದಾಟವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಬಿಚ್ಚಿಕೊಳ್ಳುವುದರಲ್ಲಿ ಲಾಭ ಕಡಿಮೆ, ವಾಪಸ್ ಬರುವುದಕ್ಕೂ ದಾರಿ ಹತ್ತಿರ.

ಈಗ ನಿನ್ನ ಎರಡನೇ ಟ್ಯೂಬು. ಪಿಎಚ್ ಏರಿದಂತೆ, ಬಿಸಿಯೂ ಜಾಸ್ತಿ ಇದ್ದರೆ, ಹೈಡ್ರಾಕ್ಸೈಡ್ ಹೋಗಿ ಕೆಲವು ಡೈಸಲ್ಫೈಡ್‌ಗಳನ್ನೇ ಮುರಿಯುತ್ತದೆ. ಇದಕ್ಕೆ ಬೀಟಾ ಎಲಿಮಿನೇಷನ್ ಅನ್ನುತ್ತಾರೆ. ಅಲ್ಲಿಂದ ಒಂಟಿ ಎಸ್‌ಎಚ್, ಅಂದರೆ ಜೋಡಿಯಿಲ್ಲದ ಗಂಧಕ–ಹೈಡ್ರೋಜನ್, ಹುಟ್ಟುತ್ತದೆ. ಈ ಒಂಟಿ ಎಸ್‌ಎಚ್ ಅಂದರೆ ಬಾಯಿ ತೆರೆದ ಪಿನ್ನು. ಪಕ್ಕದ ಜೋಡಿಯನ್ನು ಬಿಡಿಸಿ ತಾನು ಸೇರಿಕೊಳ್ಳುತ್ತದೆ, ಅಲ್ಲಿ ಬಿಟ್ಟುಹೋದ ಇನ್ನೊಂದು ಮತ್ತೊಂದು ಜೋಡಿಗೆ ಕೈ ಹಾಕುತ್ತದೆ. ಬೇರೆ ಸರದ ಜೊತೆ ಸೇರಿದರೆ ಗಂಟು.

ಈ ಕೆಲಸ ಮಾಡುವುದು ಹೈಡ್ರೋಜನ್ ಬಿಟ್ಟುಕೊಟ್ಟ ಗಂಧಕ. ಸಿಸ್ಟೀನ್‌ಗೆ ಅದರ ಪಿಕೆಎ (ಅರ್ಧದಷ್ಟು ಹೈಡ್ರೋಜನ್ ಬಿಟ್ಟಿರುವ ಪಿಎಚ್) 8.3ರ ಆಸುಪಾಸು. ಪಿಎಚ್ 8ರಲ್ಲಿ ಮೂರಕ್ಕೆ ಒಂದು ಈ ರೂಪದಲ್ಲಿರುತ್ತದೆ. ಪಿಎಚ್ 5ರಲ್ಲಿ ಎರಡು ಸಾವಿರಕ್ಕೆ ಒಂದು. ಅಂದರೆ ಅಸಿಟೇಟ್‌ನಲ್ಲಿ ಬಾಯಿ ತೆರೆದ ಪಿನ್ನು ಹುಟ್ಟುವುದೂ ಕಡಿಮೆ, ಹುಟ್ಟಿದರೂ ಅದು ಸುಮ್ನೆ ಕೂತಿರುತ್ತದೆ. ಜೊತೆಗೆ ಲೈಸೋಜೈಮ್‌ನ ಪಿಐ, ಅಂದರೆ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, ಸುಮಾರು 11. ಪಿಎಚ್ 5ರಲ್ಲಿ ಅದರ ಮೈತುಂಬಾ ಧನ ಆವೇಶ, ಒಂದನ್ನೊಂದು ದೂರ ತಳ್ಳುತ್ತವೆ.

ಇನ್ನೊಂದು ವಿಷಯ. ಟ್ರಿಸ್ ಹಾಕಿ ಕಾಯಿಸಿದೆಯಲ್ಲ, ಅಲ್ಲಿ ನಿನಗೆ ಮೋಸವಾಗಿದೆ. ಡಿಗ್ರಿಗೆ ಸುಮಾರು 0.03ರಂತೆ ಅದರ ಪಿಎಚ್ ಇಳಿಯುತ್ತದೆ. 25 ಡಿಗ್ರಿಯಲ್ಲಿ 8 ಅಂತ ಅಳೆದದ್ದು 95ರಲ್ಲಿ 6ರ ಹತ್ತಿರ. ನಿನ್ನ ಟ್ಯೂಬು ಪೂರ್ತಿ ಕೆಡದೆ ಅರ್ಧಂಬರ್ಧ ಕೆಟ್ಟಿದ್ದು ಅದಕ್ಕೇ. ಫಾಸ್ಫೇಟ್‌ನಲ್ಲಿ ಮಾಡಿ ನೋಡು.

ಕುಕ್ಕರಹಳ್ಳಿ_ಗುಬ್ಬಿ, 10:44

ಅಯ್ಯೋ ಸಾರ್. ಟ್ರಿಸ್ ವಿಷಯ ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ.

ಹಳೇ_ಪಿಪೆಟ್, 10:50

ಪರೀಕ್ಷೆಯಲ್ಲಿ ಬರೆದದ್ದು ಕೈಗೆ ಇಳಿಯಲು ಒಂದು ಟ್ಯೂಬು ಹಾಳಾಗಬೇಕು. ನಿಮ್ಮ ಲ್ಯಾಬ್‌ನಲ್ಲಿ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದ ಸಣ್ಣ ಉಂಗುರ ಡಿಎನ್‌ಎ) ತೆಗೆಯುವವರಿದ್ದರೆ, ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಎ ಹೇಗೆ ತಯಾರಿಸುತ್ತಾರೆ ಕೇಳು. ಪಿಎಚ್ 5.2ರ ಸೋಡಿಯಂ ಅಸಿಟೇಟ್‌ನಲ್ಲಿ ಕರಗಿಸಿ, 100 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ನಿಧಾನವಾಗಿ ತಣಿಸಿ, ಆಮೇಲೆ ಟ್ರಿಸ್ ಸೇರಿಸಿ ಪಿಎಚ್ ಏರಿಸುತ್ತಾರೆ. ಉದ್ದೇಶ, ಜೊತೆಯಲ್ಲಿ ಸೇರಿಕೊಂಡ, ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಸಾಯಲಿ, ಆರ್‌ಎನ್‌ಏಸ್ ಉಳಿಯಲಿ ಅಂತ. ಆ ಅಸಿಟೇಟ್ ಯಾಕೆ ಅಂತ ಕೇಳಿದರೆ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ನಿನ್ನ ಎರಡನೇ ಟ್ಯೂಬೇ ಉತ್ತರ. ತಟಸ್ಥ ಪಿಎಚ್‌ನಲ್ಲಿ ಗಟ್ಟಿ ದ್ರಾವಣ ಕುದಿಸಿದರೆ ಆರ್‌ಎನ್‌ಏಸ್ ಕೂಡ ಗಂಟು ಕಟ್ಟುತ್ತದೆ.

ಅಂದ ಹಾಗೆ, ಸಾಯುವ ಆ ಡಿಎನ್‌ಏಸ್ 1ರಲ್ಲೂ 2 ಡೈಸಲ್ಫೈಡ್ ಇವೆ. ಪಿನ್ನು ಇದ್ದವರೆಲ್ಲ ಬದುಕುವುದಿಲ್ಲ.

ಮಂಡ್ಯದ_ಮಜ್ಜಿಗೆ (ಮಂಡ್ಯ), ಮಂಗಳವಾರ ಬೆಳಗ್ಗೆ 6:15

ನಾನು ಹಾಲಿನ ಗುಣಮಟ್ಟ ಪರೀಕ್ಷೆ ಮಾಡುವವನು. ಪಿಪೆಟ್ ಸಾರ್ ಹೇಳಿದ ಬಾಯಿ ತೆರೆದ ಪಿನ್ನನ್ನು ನಾವು ದಿನಾ ನೋಡುತ್ತೇವೆ.

ಹಾಲಿನ ತಿಳಿಯಲ್ಲಿ ಎರಡು ಮುಖ್ಯ ಪ್ರೋಟೀನು. ಒಂದು ಆಲ್ಫಾ ಲ್ಯಾಕ್ಟಾಲ್ಬುಮಿನ್, 123 ಅಮೈನೋ ಆಮ್ಲ, 4 ಡೈಸಲ್ಫೈಡ್, ಒಂಟಿ ಸಿಸ್ಟೀನ್ ಇಲ್ಲ. ಇನ್ನೊಂದು ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್, 162 ಅಮೈನೋ ಆಮ್ಲ, 2 ಡೈಸಲ್ಫೈಡ್, ಜೊತೆಗೆ 121ನೇ ಜಾಗದಲ್ಲಿ ಒಂದು ಒಂಟಿ ಸಿಸ್ಟೀನ್. ಮಜಾ ಏನೆಂದರೆ, ಬೇಗ ಬಿಚ್ಚಿಕೊಳ್ಳುವುದು ಆಲ್ಫಾ, 65 ಡಿಗ್ರಿಯ ಸುಮಾರಿಗೆ. ಬೀಟಾ 70 ದಾಟುವವರೆಗೂ ತಡೆಯುತ್ತದೆ. ಆದರೆ ತಣ್ಣಗೆ ಮಾಡಿದರೆ ಆಲ್ಫಾ ಬಹುಪಾಲು ವಾಪಸ್ ಬರುತ್ತದೆ, ಬೀಟಾ ಬರುವುದಿಲ್ಲ. ಬೀಟಾ ಬಿಚ್ಚಿಕೊಂಡ ಕೂಡಲೇ ಒಳಗೆ ಅಡಗಿದ್ದ ಒಂಟಿ ಎಸ್‌ಎಚ್ ಹೊರಗೆ ಬಂದು ಎಲ್ಲರ ತಂಟೆಗೆ ಹೋಗುತ್ತದೆ.

ಇದು ಬೇರೆ ಬೇರೆ ಇಟ್ಟಾಗ. ಹಾಲಿನಲ್ಲಿ ಇಬ್ಬರೂ ಒಟ್ಟಿಗೆ ಇರುತ್ತಾರೆ. ಆಗ ಬೀಟಾ ಬಂದು ಆಲ್ಫಾದ ಜೋಡಿಗಳನ್ನೂ ಬಿಡಿಸಿ ತನ್ನ ಗುಂಪಿಗೆ ಎಳೆದುಕೊಳ್ಳುತ್ತದೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಹಾಗೆ.

ಆದರೆ ಕೆಟ್ಟದ್ದೆಲ್ಲ ಕೆಟ್ಟದ್ದಲ್ಲ. ಬೀಟಾ ಹೋಗಿ ಕೇಸೀನ್ ಉಂಡೆಗಳ ಮೇಲಿರುವ ಕಪ್ಪಾ ಕೇಸೀನ್‌ಗೆ ಡೈಸಲ್ಫೈಡ್‌ನಿಂದ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಹಾಲನ್ನು ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗಿ ಬರುತ್ತದೆ, ನೀರು ಬಿಡುವುದು ಕಡಿಮೆ. ಅದಕ್ಕೆ ಇದೇ ಕಾರಣ. ಮೊಸರಿನ ಹಾಲನ್ನು ಡೈರಿಗಳಲ್ಲಿ 85 ಡಿಗ್ರಿಯಲ್ಲಿ ಅರ್ಧ ಗಂಟೆ ಅಥವಾ 90–95ರಲ್ಲಿ 5 ನಿಮಿಷ ಇಡುವುದೂ ಇದಕ್ಕೇ. 72 ಡಿಗ್ರಿಯಲ್ಲಿ 15 ಸೆಕೆಂಡ್ ಪಾಶ್ಚರೀಕರಣ ಮಾತ್ರ ಆದ ಹಾಲಿನಲ್ಲಿ ಬಹುಪಾಲು ಬೀಟಾ ಹಾಗೇ ಇರುತ್ತದೆ. ಪ್ಯಾಕೆಟ್ ಕತ್ತರಿಸಿ ಕಾಯಿಸದೆ ಹೆಪ್ಪು ಹಾಕಿ, ಮೊಸರು ನೀರಾಯಿತು ಅಂತ ನಮಗೆ ಫೋನ್ ಮಾಡಬೇಡಿ. ಕಾಯಿಸಿದ ಹಾಲಿಗೆ ಬರುವ ಆ ವಾಸನೆ ಇದೆಯಲ್ಲ, ಅದೂ ಹೊರಗೆ ಬಂದ ಗಂಧಕದ್ದೇ.

ಬೆಲ್ಲದಚ್ಚು, 7:02

ಇಷ್ಟು ವರ್ಷ ನಮ್ಮವ್ವನ ಕೈಗುಣ ಅಂದುಕೊಂಡಿದ್ದೆ. ಬೀಟಾನಾ? ಸರಿ, ಇನ್ನೊಂದು ಹೇಳಿ. ರೇಷ್ಮೆಗೂಡನ್ನು ಕುದಿಸುತ್ತಾರೆ. ಮೈಸೂರು ಸಿಲ್ಕ್ ನೂಲನ್ನು ಸೋಪು, ಸೋಡಾ ಹಾಕಿ ಮತ್ತೆ ಬೇಯಿಸುತ್ತಾರೆ. ಏನೂ ಆಗಲ್ಲ. ಅದರಲ್ಲಿ ಎಷ್ಟು ಪಿನ್ನು?

ಹಳೇ_ಪಿಪೆಟ್, 8:20

ಹೆಚ್ಚುಕಡಿಮೆ ಇಲ್ಲವೇ ಇಲ್ಲ! ರೇಷ್ಮೆಯ ಫೈಬ್ರೋಯಿನ್‌ನಲ್ಲಿ ಒಂದು ದೊಡ್ಡ ಸರ, ಒಂದು ಚಿಕ್ಕ ಸರ. ಎರಡನ್ನೂ ಸೇರಿಸಲು ಒಂದೇ ಡೈಸಲ್ಫೈಡ್. ನೂಲಿನ ಬಲ ಬರುವುದು ಪದರ ಪದರವಾಗಿ ಜೋಡಿಸಿಕೊಂಡ ಸರಗಳ ನಡುವಿನ ಹೈಡ್ರೋಜನ್ ಬಂಧಗಳಿಂದ. ಒಂದೊಂದು ಸಣ್ಣದು, ಲೆಕ್ಕ ದೊಡ್ಡದು. ಸೋಪು ಸೋಡಾದಲ್ಲಿ ಹೋಗುವುದು ಮೇಲಿನ ಸೆರಿಸಿನ್ ಅಂಟು.

ಪಿನ್ನು ಜಾಸ್ತಿ ಬೇಕಿದ್ದರೆ ಕಾಳಿನ ಡಬ್ಬಿ ನೋಡು. ಸೋಯಾದಲ್ಲಿರುವ ಬೌಮನ್–ಬರ್ಕ್ ಇನ್ಹಿಬಿಟರ್ ಬರೀ 71 ಅಮೈನೋ ಆಮ್ಲದ್ದು, ಅದರಲ್ಲಿ 7 ಡೈಸಲ್ಫೈಡ್. ನಮ್ಮ ಜೀರ್ಣಕಿಣ್ವ ಟ್ರಿಪ್ಸಿನ್‌ಗೇ ಅಡ್ಡ ಕೂರುತ್ತದೆ, ಸ್ವಲ್ಪ ಕುದಿಸಿದರೆ ಅಲ್ಲಾಡುವುದಿಲ್ಲ. ಹುರುಳಿ, ಅವರೆಯಲ್ಲೂ ಇದರ ದಾಯಾದಿಗಳಿವೆ. ನೆನೆಸಿ ಚೆನ್ನಾಗಿ ಬೇಯಿಸಿ ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಪಾರ್ಲರ್_ಅಕ್ಕ (ಮೈಸೂರು), 11:08

ಇಷ್ಟೆಲ್ಲ ಓದಿ ನಗು ಬಂತು. ನಾವು ಪಾರ್ಲರ್‌ನಲ್ಲಿ ಮಾಡುವ ರೀಬಾಂಡಿಂಗ್ ಇದೇ ಅಲ್ವಾ? ಮೊದಲು ವಾಸನೆ ಕ್ರೀಮು, ಆಮೇಲೆ ಇಸ್ತ್ರಿ, ಆಮೇಲೆ ನ್ಯೂಟ್ರಲೈಸರ್. ತರಬೇತಿಯಲ್ಲಿ "ಬಾಂಡ್ ಒಡೆಯುತ್ತದೆ, ಬಾಂಡ್ ಸೇರುತ್ತದೆ" ಅಂತ ಹೇಳಿದ್ದರು. ಯಾವ ಬಾಂಡ್ ಅಂತ ಇವತ್ತು ಗೊತ್ತಾಯಿತು.

ಹಳೇ_ಪಿಪೆಟ್, 11:15

ಅದೇ ಅಮ್ಮ. ಕ್ರೀಮಿನಲ್ಲಿರುವ ಥಯೋಗ್ಲೈಕೋಲೇಟ್ ಕೂದಲಿನ ಕೆರಾಟಿನ್‌ನ ಡೈಸಲ್ಫೈಡ್ ಒಡೆಯುತ್ತದೆ. ನೀವು ಕೂದಲು ನೆಟ್ಟಗೆ ಮಾಡುತ್ತೀರಿ. ನ್ಯೂಟ್ರಲೈಸರ್‌ನ ಹೈಡ್ರೋಜನ್ ಪೆರಾಕ್ಸೈಡ್ ಹೊಸ ಜಾಗದಲ್ಲಿ ಜೋಡಿ ಕಟ್ಟುತ್ತದೆ. ಬೇಕೆಂದೇ ತಪ್ಪು ಜಾಗದಲ್ಲಿ ಪಿನ್ನು ಹಾಕಿ ದುಡ್ಡು ತೆಗೆದುಕೊಳ್ಳುವ ಏಕೈಕ ಲ್ಯಾಬ್ ನಿಮ್ಮದು.

ಡಿಟಿಟಿ_ಡಬ್ಬಿ (ಮೈಸೂರು), ಮಂಗಳವಾರ ರಾತ್ರಿ 8:30

ನಾನು ಒಂದು ಬಯೋಟೆಕ್ ಕಂಪನಿಯಲ್ಲಿ ರೀಫೋಲ್ಡಿಂಗ್, ಅಂದರೆ ಬಿಚ್ಚಿದ ಪ್ರೋಟೀನನ್ನು ಮತ್ತೆ ಮಡಚಿಸುವ ಕೆಲಸ ಮಾಡುತ್ತೇನೆ. ಪಿಪೆಟ್ ಸಾರ್ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಓದುವವರು ಪಿನ್ನು ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಂಡಾರು. ಪಿಸಿಆರ್‌ನಲ್ಲಿ ಡಿಎನ್‌ಎ ನಕಲು ಮಾಡುವ ಟ್ಯಾಕ್ ಪಾಲಿಮರೇಸ್‌ನಲ್ಲಿ ಒಂದೂ ಡೈಸಲ್ಫೈಡ್ ಇಲ್ಲ. 95 ಡಿಗ್ರಿಯಲ್ಲಿ ಅರ್ಧ ಶಕ್ತಿ ಕಳೆದುಕೊಳ್ಳಲು ಅದಕ್ಕೆ ಸುಮಾರು 40 ನಿಮಿಷ ಬೇಕು.

ಹೊಸದಾಗಿ ಪಿನ್ನು ಹಾಕಿದವರ ಕಥೆಯೂ ಇದೆ. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ ಟಿ4 ಫೇಜ್‌ನ ಲೈಸೋಜೈಮ್, ಗುಬ್ಬಿಯ ಮೊಟ್ಟೆ ಲೈಸೋಜೈಮ್‌ಗೆ ಹೆಸರಿನಲ್ಲಿ ಮಾತ್ರ ನಂಟು. 164 ಅಮೈನೋ ಆಮ್ಲ, 54 ಮತ್ತು 97ರಲ್ಲಿ ಎರಡು ಒಂಟಿ ಸಿಸ್ಟೀನ್, ಡೈಸಲ್ಫೈಡ್ ಸೊನ್ನೆ. 1984ರಲ್ಲಿ 3ನೇ ಜಾಗದಲ್ಲಿ ಒಂದು ಸಿಸ್ಟೀನ್ ತಂದು 97ರ ಜೊತೆ ಕಟ್ಟಿದರು. ಶಾಖದಲ್ಲಿ ಬಾಳಿಕೆ ಹೆಚ್ಚಿತು. ಆದರೆ 54ರಲ್ಲಿ ಉಳಿದಿದ್ದ ಒಂಟಿ ಸಿಸ್ಟೀನ್ ಹೊಸ ಜೋಡಿಗೆ ಅಡ್ಡ ಬರುತ್ತಿತ್ತು. ಅದನ್ನು ತೆಗೆದು ಬೇರೆ ಅಮೈನೋ ಆಮ್ಲ ಹಾಕಿದ ಮೇಲೆ ಲಾಭ ಪೂರ್ತಿ ಕೈಗೆ ಬಂತು. 1989ರಲ್ಲಿ 3 ಬಂಧ ಹಾಕಿದ ರೂಪ ಬಂತು, ಅದು 23 ಡಿಗ್ರಿ ಜಾಸ್ತಿ ಶಾಖದಲ್ಲಿ ಬಿಚ್ಚಿಕೊಳ್ಳುತ್ತದೆ. ಅದೇ ವರ್ಷ ಬೆಂಗಳೂರಿನ ಐಐಎಸ್‌ಸಿಯವರು ಯಾವ ಎರಡು ಜಾಗದ ನಡುವೆ ಡೈಸಲ್ಫೈಡ್ ಕಟ್ಟಬಹುದು ಅಂತ ದೂರ, ಕೋನ ಅಳೆದು ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. ಯಾಕೆಂದರೆ ಗಂಧಕ–ಗಂಧಕ ದೂರ 2 ಆಂಗ್‌ಸ್ಟ್ರಾಮ್ ಚಿಲ್ಲರೆ. ಎಳೆದು ಕಟ್ಟಿದರೆ ಒಳಗಿನ ಮಡಿಕೆಯೇ ಹರಿಯುತ್ತದೆ. ಸಬ್‌ಟಿಲಿಸಿನ್ ಅನ್ನುವ ಇನ್ನೊಂದು ಕಿಣ್ವಕ್ಕೆ ಹಾಕಿದ ಪಿನ್ನುಗಳಿಂದ ಬಹಳ ಕಡೆ ಏನೂ ಲಾಭವಾಗಲಿಲ್ಲ.

ಗುಬ್ಬಿ, ನಿಮ್ಮ ಮೂರನೇ ಟ್ಯೂಬನ್ನು ಎಸೆದಿದ್ದೀರಾ?

ಕುಕ್ಕರಹಳ್ಳಿ_ಗುಬ್ಬಿ, 8:41

ಇಲ್ಲ ಅಣ್ಣ, ಫ್ರಿಜ್‌ನಲ್ಲಿದೆ. ವಾಸನೆಗೆ ಎಲ್ಲರೂ ಬೈಯುತ್ತಿದ್ದಾರೆ.

ಡಿಟಿಟಿ_ಡಬ್ಬಿ, 9:25

ಹಾಗಾದರೆ ಅದನ್ನು ವಾಪಸ್ ತರೋಣ. ನಮ್ಮ ಅನ್ನ ಇದರಿಂದಲೇ. ಇ. ಕೋಲಿ ಬ್ಯಾಕ್ಟೀರಿಯಾದ ಒಳಗೆ ಡೈಸಲ್ಫೈಡ್ ಕಟ್ಟಿಕೊಳ್ಳಲು ಬಿಡದ ವಾತಾವರಣ ಇರುತ್ತದೆ. ಹಾಗಾಗಿ ಇಂಥ ಪ್ರೋಟೀನು ಅದರಲ್ಲಿ ಮಾಡಿಸಿದರೆ ಬಹಳ ಸಲ ಗಂಟಾಗಿಯೇ ಸಿಗುತ್ತದೆ. ಆ ಗಂಟು ಬಿಡಿಸುವುದೂ ನಿಮ್ಮ ಟ್ಯೂಬು ಬಿಡಿಸುವುದೂ ಒಂದೇ.

8 ಮೋಲಾರ್ ಯೂರಿಯಾ, ಹೊಸ ಡಿಟಿಟಿ, ಪಿಎಚ್ 8.5. ಗಂಟು ಕರಗಿ ನೀರಾಗಬೇಕು. ಯೂರಿಯಾ ಅವತ್ತೇ ಕರಗಿಸಿದ್ದಾಗಿರಲಿ, ಕಾಯಿಸಬೇಡಿ. ಹಳೆಯದರಲ್ಲಿ ಸಯನೇಟ್ ಹುಟ್ಟಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಪಿಎಚ್ ಇಳಿಸಿ, ಸಣ್ಣ ಅಣುಗಳನ್ನು ಪ್ರೋಟೀನಿನಿಂದ ಬೇರ್ಪಡಿಸುವ ಡೀಸಾಲ್ಟಿಂಗ್ ಕಾಲಂನಲ್ಲಿ ಡಿಟಿಟಿ ತೆಗೆಯಿರಿ. ಡಿಟಿಟಿ ಉಳಿದರೆ ಮುಂದಿನದೆಲ್ಲ ದಂಡ.

ಈಗ ರೀಫೋಲ್ಡಿಂಗ್ ಬಫರ್. ಪಿಎಚ್ 8.2, ಅರ್ಧ ಮೋಲಾರ್ ಆರ್ಜಿನಿನ್, 3 ಮಿಲಿಮೋಲಾರ್ ರಿಡ್ಯೂಸ್ಡ್ ಗ್ಲುಟಾಥಯೋನ್, 0.3 ಮಿಲಿಮೋಲಾರ್ ಆಕ್ಸಿಡೈಸ್ಡ್ ಗ್ಲುಟಾಥಯೋನ್. ಕೊನೆಗೆ ಪ್ರೋಟೀನು ಮಿಲಿಗೆ 0.05 ಮಿಲಿಗ್ರಾಂ ದಾಟದಂತೆ, ಕಲಕುತ್ತಾ ಹನಿ ಹನಿಯಾಗಿ ಬಿಡಿ. ರಾತ್ರಿಯಿಡೀ ಇಡಿ.

ನೋಡಿ, ಇಲ್ಲಿ ಬಾಯಿ ತೆರೆದ ಪಿನ್ನನ್ನು (ಒಂಟಿ ಎಸ್‌ಎಚ್ ಇರುವ ರಿಡ್ಯೂಸ್ಡ್ ಗ್ಲುಟಾಥಯೋನ್) ನಾವೇ ಹಾಕುತ್ತಿದ್ದೇವೆ. ಕುದಿಯುವ ಟ್ಯೂಬಿನಲ್ಲಿ ಖಳನಾಯಕ, ಇಲ್ಲಿ ಅದೇ ದಾರಿ ತೋರಿಸುವವನು. 8 ಸಿಸ್ಟೀನ್ ಜೋಡಿಯಾಗಲು 7×5×3, ಅಂದರೆ 105 ದಾರಿ. ಸರಿಯಾದದ್ದು ಒಂದೇ. ಮೊದಲ ಸಲಕ್ಕೇ ಸರಿ ಬೀಳುವುದಿಲ್ಲ. ತಪ್ಪು ಜೋಡಿಯನ್ನು ಬಿಡಿಸಿ ಮತ್ತೆ ಕಟ್ಟಲು ಅವಕಾಶ ಇರಬೇಕು. 4 ಡೈಸಲ್ಫೈಡ್‌ನ ಆರ್‌ಎನ್‌ಏಸ್‌ನಲ್ಲಿ ವಿಜ್ಞಾನಿ ಆನ್‌ಫಿನ್ಸೆನ್ ತೋರಿಸಿದ್ದು ಇದನ್ನೇ. ಯೂರಿಯಾದಲ್ಲಿ ಬಿಚ್ಚಿಟ್ಟೇ ಜೋಡಿ ಕಟ್ಟಿಸಿದಾಗ ಸುಮಾರು 1 ಶೇಕಡಾ ಕೆಲಸ ಮಾತ್ರ ಇತ್ತು. ಯೂರಿಯಾ ತೆಗೆದು ಒಂಟಿ ಎಸ್‌ಎಚ್ ಇರುವ ಮರ್ಕ್ಯಾಪ್ಟೋಎಥನಾಲ್ ಒಂದಿಷ್ಟು ತೋರಿಸಿದಾಗ ಸುಮಾರು 10 ಗಂಟೆಯಲ್ಲಿ ಜೋಡಿಗಳೆಲ್ಲ ಅದಲುಬದಲಾಗಿ ಸರಿಯಾದ ಜಾಗಕ್ಕೆ ಬಂದವು. 1972ರ ನೊಬೆಲ್. ನಮ್ಮ ಜೀವಕೋಶದಲ್ಲಿ ಈ ಅದಲುಬದಲು ಮಾಡಿಸಲು ಪಿಡಿಐ ಅನ್ನುವ ಕಿಣ್ವವೇ ಇದೆ, ಅದು ನಿಮಿಷಗಳಲ್ಲಿ ಮುಗಿಸುತ್ತದೆ.

ಬೆಲ್ಲದಚ್ಚು, 9:40

ಹಾಗಾದರೆ ಬೇಯಿಸಿದ ಮೊಟ್ಟೆ ವಾಪಸ್ ಹಸಿ ಆಗುತ್ತೆ ಅನ್ನಿ!

ಡಿಟಿಟಿ_ಡಬ್ಬಿ, 9:47

2015ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರೇಲಿಯದವರು ಸೇರಿ ಬೇಯಿಸಿದ ಬಿಳಿಯನ್ನು ಯೂರಿಯಾದಲ್ಲಿ ಕರಗಿಸಿ, ಜೋರಾಗಿ ತಿರುಗುವ ಕೊಳವೆಯಲ್ಲಿ ತೆಳುಪದರ ಮಾಡಿ, ಲೈಸೋಜೈಮ್ ವಾಪಸ್ ತಂದರು. ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ಲೈಸೋಜೈಮ್ ಮಾತ್ರ, ಇಡೀ ಮೊಟ್ಟೆ ಅಲ್ಲ. ಮೊಟ್ಟೆಯ ಬಿಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವ ಓವಾಲ್ಬುಮಿನ್‌ನಲ್ಲಿ 4 ಒಂಟಿ ಸಿಸ್ಟೀನ್ ಇವೆ. ಮಜ್ಜಿಗೆ ಅಣ್ಣನ ಬೀಟಾಗೆ ಒಂದೇ, ಇದಕ್ಕೆ ನಾಲ್ಕು!

ಕುಕ್ಕರಹಳ್ಳಿ_ಗುಬ್ಬಿ, ಮುಂದಿನ ಸೋಮವಾರ ಸಂಜೆ 7:10

ಫಾಸ್ಫೇಟ್‌ನಲ್ಲಿ ಮಾಡಿದೆ. ಪಿಎಚ್ 8ರ ಟ್ಯೂಬು ಈ ಸಲ ಬೇಗನೇ ಬೆಳ್ಳಗಾಯಿತು. ಕೆಲಸ ಅಳೆಯುವಷ್ಟೂ ಇಲ್ಲ. ಅಸಿಟೇಟ್ ಎಂದಿನಂತೆ ತಿಳಿ.

ಮೂರನೇ ಟ್ಯೂಬು ಮೊದಲ ಸಲ ಹಾಳಾಯಿತು. ಕರೆಂಟು ಹೋಗುತ್ತದೆ ಅಂತ ಅವಸರದಲ್ಲಿ ಒಂದೇ ಸಲ ಸುರಿದುಬಿಟ್ಟೆ, ಮತ್ತೆ ಒಡೆದ ಹಾಲು. ಉಳಿದಿದ್ದನ್ನು ಎರಡನೇ ಸಲ ಹನಿ ಹನಿಯಾಗಿ ಬಿಟ್ಟೆ, ಒಂದು ಗಂಟೆ ಹಿಡಿಯಿತು, ಕೈ ಮರಗಟ್ಟಿತು. ಬೆಳಗ್ಗೆ ಬಂದು ನೋಡಿದರೆ ತಿಳಿಯಾಗಿತ್ತು. ಕೆಲಸ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂದಿದೆ. ಲ್ಯಾಬ್‌ನಲ್ಲಿ ಒಬ್ಬಳೇ ಇದ್ದೆ, ಇಲ್ಲದಿದ್ದರೆ ಕುಣಿಯುತ್ತಿದ್ದೆ.

ಬೆಳ್ಳಗಾದ ಎರಡನೇ ಟ್ಯೂಬಿನ ಗಂಟನ್ನು, ಪ್ರೋಟೀನನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದೆ. ಒಂಟಿ ಎಸ್‌ಎಚ್‌ಗಳು ಮತ್ತೆ ಕಿತಾಪತಿ ಮಾಡದಿರಲಿ ಅಂತ ಮೊದಲೇ ಅಯೋಡೋಅಸಿಟಮೈಡ್ ಹಾಕಿ ಬಾಯಿ ಮುಚ್ಚಿಸಿದ್ದೆ. ಡಿಟಿಟಿ ಇಲ್ಲದೆ ಓಡಿಸಿದಾಗ 14 ಕಿಲೋಡಾಲ್ಟನ್ (ಒಂದು ಸರದ ತೂಕ) ಜೊತೆಗೆ 28ರಲ್ಲಿ (ಎರಡು ಸರ) ದಪ್ಪ ಗೆರೆ, ಅದರ ಮೇಲೂ ಮಬ್ಬು ಮಬ್ಬು. ಡಿಟಿಟಿ ಹಾಕಿ ಓಡಿಸಿದಾಗ ಹೆಚ್ಚುಕಡಿಮೆ ಎಲ್ಲ 14ಕ್ಕೆ ಇಳಿಯಿತು. ಅಂದರೆ ಸರ ಸರಗಳ ನಡುವೆ ಡೈಸಲ್ಫೈಡ್ ಕಟ್ಟಿಕೊಂಡಿದ್ದು ಖಾತ್ರಿ ಆಯಿತು.

ಒಂದೇ ಒಂದು ಅರ್ಥವಾಗುತ್ತಿಲ್ಲ ಸಾರ್. ಡಿಟಿಟಿ ಹಾಕಿದ ಸಾಲಿನಲ್ಲೂ 28ರಲ್ಲಿ ಕೂದಲೆಳೆಯಷ್ಟು ತೆಳು ಗೆರೆ ಉಳಿದಿದೆ. ಡಿಟಿಟಿ ಜಾಸ್ತಿ ಮಾಡಿ ಎರಡು ಸಲ ನೋಡಿದೆ. ಹೋಗುತ್ತಿಲ್ಲ.

ಹಳೇ_ಪಿಪೆಟ್, 7:55

ಹೋಗುವುದಿಲ್ಲ. ಹೈಡ್ರಾಕ್ಸೈಡ್ ಡೈಸಲ್ಫೈಡ್ ಮುರಿದಾಗ ಒಂದು ಬದಿಗೆ ಗಂಧಕ ಹೋಗುತ್ತದೆ, ಇನ್ನೊಂದು ಬದಿಗೆ ಡೀಹೈಡ್ರೋಅಲನಿನ್ ಅನ್ನುವ ಹಸಿದ ತುಣುಕು ಉಳಿಯುತ್ತದೆ. ಅದು ಪಕ್ಕದ ಲೈಸಿನ್ ಜೊತೆ ಸೇರಿದರೆ ಲೈಸಿನೋಅಲನಿನ್, ಸಿಸ್ಟೀನ್ ಜೊತೆ ಸೇರಿದರೆ ಲ್ಯಾಂತಿಯೋನಿನ್. ಇವೂ ಬಂಧಗಳೇ, ಆದರೆ ಇವುಗಳಲ್ಲಿ ಗಂಧಕ–ಗಂಧಕ ಜೋಡಿ ಇಲ್ಲ. ಡಿಟಿಟಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪಿನ್ನು ಅಲ್ಲ, ಹೊಲಿಗೆ. ನಿನ್ನ ತೆಳು ಗೆರೆ ಅದೇ ಇರಬಹುದು. ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟರೆ ಗೊತ್ತಾಗುತ್ತದೆ.

ಆ ಗೆರೆಯನ್ನು ಜೆಲ್‌ನಿಂದ ಕತ್ತರಿಸಿ ಒಂದು ಟ್ಯೂಬಿಗೆ ಹಾಕಿ, ತಾರೀಕು ಬರೆದು ಫ್ರೀಜರ್‌ನಲ್ಲಿ ಇಡು. ಈ ರಾತ್ರಿಯೇ. ನಾಳೆ ಜೆಲ್ ಒಣಗಿರುತ್ತದೆ.